ಮೋಟಾರ್‌ಹೋಮ್‌ನ ಪ್ಲೇಟ್ ಕಟ್ಟಾದರೆ: ಸೂರತ್–ವಡೋದರಾ–ಅಹಮದಾಬಾದ್ ದಾರಿಗೆ ಹೊರಡುವ ಮುಂಚೆ

ವಿಡಿಯೋ ಪೂರ್ತಿ ನೋಡೋಕೆ ಪುರುಸೊತ್ತಿಲ್ಲದವರಿಗೆ, ನೋಡಿದ ಮೇಲೂ ಒಂದ್ಸಲ ಓದಿ ಇಟ್ಟುಕೊಳ್ಳೋಣ ಅನ್ನೋರಿಗೆ ಈ ಬರಹ. ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಹಾಕಿದ್ದೀನಿ, ಅಲ್ಲಲ್ಲಿ ಮಾತಿನ ಧಾಟಿ ಹಾಗೇ ಉಳಿದಿದೆ.

ಹುಬ್ಬಳ್ಳಿಯ ವೀಕ್ಷಕರೊಬ್ಬರು ಕೇಳಿದ್ರು: ‘ಟೆಂಪೋ ಟ್ರಾವೆಲರ್ ಮೇಲೆ ಕಟ್ಟಿಸಿದ ಮೋಟಾರ್‌ಹೋಮ್ ಇದೆ. ಆರು ಜನ ಸೇರಿ ಡಿಸೆಂಬರ್‌ನಲ್ಲಿ ಏಕತಾ ಪ್ರತಿಮೆ ನೋಡಿ, ಅಹಮದಾಬಾದ್ ಮೇಲೆ ಕಚ್ಛ್‌ಗೆ ಹೋಗ್ತೀವಿ. ಹಿಂದಿನ ಪ್ಲೇಟ್ ಒಂದ್ಸಲ ಕಟ್ಟಾಗಿ ಹಾಕಿಸಿದ್ದೀವಿ. ಇನ್ನೇನು ನೋಡ್ಕೋಬೇಕು?’ ದಾರಿ ಅವರಿಗೆ ಹೊಸದಲ್ಲ ಅಂತಾನೇ ಹೇಳಬಹುದು. ಹುಬ್ಬಳ್ಳಿ ಬೈಪಾಸ್‌ನಲ್ಲಿ ಹೋಗೋ ರಾಷ್ಟ್ರೀಯ ಹೆದ್ದಾರಿ 48 ಬೆಳಗಾವಿ, ಪುಣೆ, ಮುಂಬೈ ದಾಟಿ ಸೂರತ್, ಭರೂಚ್, ವಡೋದರಾ, ಅಹಮದಾಬಾದ್‌ಗೇ ಹೋಗುತ್ತೆ. ವಾಪಿಯಿಂದ ಅಹಮದಾಬಾದ್‌ವರೆಗೆ ನಮ್ಮವರ ಹೋಟೆಲುಗಳೂ ಸಿಗುತ್ತವೆ, ಊಟದ ಚಿಂತೆ ಇಲ್ಲ. ಚಿಂತೆ ಬೇರೆ ಕಡೆ ಇದೆ.

ಮೊದಲು ಮೂರು ಘಟನೆ ಹೇಳಿಬಿಡ್ತೀನಿ. 2024ರ ಏಪ್ರಿಲ್ 17ರಂದು ಅಹಮದಾಬಾದ್–ವಡೋದರಾ ಎಕ್ಸ್‌ಪ್ರೆಸ್‌ವೇಯಲ್ಲಿ, ನಡಿಯಾದ್ ಹತ್ತಿರ, ನಿಂತಿದ್ದ ಟ್ಯಾಂಕರ್‌ನ ಹಿಂಭಾಗಕ್ಕೆ ಕಾರೊಂದು ನುಗ್ಗಿ 10 ಜನ ಸತ್ತರು. ಮೂರು ತಿಂಗಳು ಕಳೆಯಲಿಲ್ಲ, ಜುಲೈ 15ರ ನಸುಕಿನಲ್ಲಿ ಅದೇ ರಸ್ತೆಯಲ್ಲಿ ಆಣಂದ್ ಹತ್ತಿರ ಟೈರ್ ಕೆಟ್ಟು ನಿಂತಿದ್ದ ಬಸ್ಸಿಗೆ ಹಿಂದಿನಿಂದ ಲಾರಿ ಗುದ್ದಿತು. ಪ್ರಯಾಣಿಕರು ಕೆಳಗಿಳಿದು ಬಸ್ಸಿನ ಬಳಿಯೇ ನಿಂತಿದ್ದರು, 6 ಜನ ಹೋದರು. ಅದಕ್ಕೂ ಹಿಂದಿನ ವರ್ಷ, 2023ರ ಜುಲೈ 20ರ ಮಧ್ಯರಾತ್ರಿ ದಾಟಿದ ಮೇಲೆ, ಅಹಮದಾಬಾದ್‌ನ ಎಸ್.ಜಿ. ಹೈವೇಯ ಇಸ್ಕಾನ್ ಫ್ಲೈಓವರ್ ಮೇಲೆ ಒಂದು ಅಪಘಾತ ನೋಡೋಕೆ, ಸಹಾಯ ಮಾಡೋಕೆ ಸೇರಿದ್ದ ಜನರ ಮೇಲೆ ವೇಗವಾಗಿ ಬಂದ ಇನ್ನೊಂದು ಕಾರು ಹರಿದು 9 ಜನ ಸತ್ತರು. ಅವರಲ್ಲಿ ಕರ್ತವ್ಯದ ಮೇಲಿದ್ದ ಪೊಲೀಸ್ ಸಿಬ್ಬಂದಿಯೂ ಇದ್ದರು.

ಇದರಲ್ಲಿ ಒಂದೂ ಮೋಟಾರ್‌ಹೋಮ್ ಅಲ್ಲ, ಸಸ್ಪೆನ್ಷನ್ ಕಥೆಯೂ ಅಲ್ಲ, ಸರಿ. ಆದರೆ ಪ್ಲೇಟ್ ಕಟ್ಟಾದಾಗ ನಾವು ಮಾಡೋದೇನು? ಗಾಡಿ ನಿಲ್ಲಿಸ್ತೀವಿ, ಎಲ್ಲರೂ ಇಳಿದು ಚಕ್ರದ ಸುತ್ತ ನಿಂತು ಬಗ್ಗಿ ನೋಡ್ತೀವಿ. ಮೇಲಿನ ಮೂರೂ ಕಡೆ ಜನ ಸತ್ತಿದ್ದು ನಿಂತ ಗಾಡಿಯ ಹತ್ತಿರ. ಹಾಗಾಗಿ ಇವತ್ತಿನ ಮಾತಲ್ಲಿ ಅರ್ಧ ಮಾತ್ರ ಸ್ಪ್ರಿಂಗ್ ಬಗ್ಗೆ, ಇನ್ನರ್ಧ ಎಲ್ಲಿ ನಿಲ್ಲೋದು ಅನ್ನೋದರ ಬಗ್ಗೆ.

ಸ್ಪ್ರಿಂಗ್‌ಗೆ ಬರೋಣ. ಟ್ರಾವೆಲರ್ ಥರದ ಗಾಡಿಗಳ ಹಿಂಬದಿಯಲ್ಲಿ ಲೀಫ್ ಸ್ಪ್ರಿಂಗ್ ಇರುತ್ತೆ. ನಮ್ಮ ಕಡೆ ಪ್ಲೇಟ್, ಬ್ಲೇಡ್ ಅಂತಾರೆ. ಗುಜರಾತಿನ ಗ್ಯಾರೇಜಿನಲ್ಲಿ ‘ಕಮಾನ್’, ‘ಪಾಟಾ’ ಅಂದ್ರೆ ತಕ್ಷಣ ಅರ್ಥ ಆಗುತ್ತೆ. ಇದು ಭಾರ ಹೊರುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಇನ್ನೊಂದು ಕೆಲಸ ಬಹಳ ಜನರಿಗೆ ಗೊತ್ತಿಲ್ಲ: ಹಿಂದಿನ ಆಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿದಿಡೋದೂ ಇದೇ. ಎರಡೂ ತುದಿ ಸುರುಳಿಯಾಗಿ ಚಾಸಿಗೆ ಸೇರಿರುತ್ತಲ್ಲ, ಆ ಮೇನ್ ಲೀಫ್ ಮುರಿದರೆ ಗಾಡಿ ಒಂದು ಕಡೆ ಕುಸಿಯೋದಷ್ಟೇ ಅಲ್ಲ, ಆಕ್ಸಲ್ಲೇ ಓರೆಯಾಗಬಹುದು. ನಡುವಿನ ಸೆಂಟರ್ ಬೋಲ್ಟ್ ತುಂಡಾದರೂ ಇದೇ ಗತಿ. ಆಗ ಸ್ಟೇರಿಂಗ್ ನೇರ ಇದ್ದರೂ ಗಾಡಿ ಏಡಿ ಥರ ಅಡ್ಡಡ್ಡ ಹೋಗುತ್ತೆ, ಟೈರ್ ಹೋಗಿ ಬಾಡಿಗೆ ಉಜ್ಜುತ್ತೆ, ಬ್ರೇಕ್ ಪೈಪ್ ಎಳೆದಂತಾಗುತ್ತೆ.

ಹಾಗಾದ್ರೆ ಅದೇ ಟ್ರಾವೆಲರ್ ಟ್ಯಾಕ್ಸಿಯಾಗಿ ವರ್ಷಗಟ್ಟಲೆ ಓಡುತ್ತಲ್ಲ, ಮೋಟಾರ್‌ಹೋಮ್ ಆದ ತಕ್ಷಣ ಯಾಕೆ ಪ್ಲೇಟ್ ಮುರಿಯುತ್ತೆ? ಟ್ಯಾಕ್ಸಿ ಟ್ರಿಪ್ ಮುಗಿದ ಮೇಲೆ ಖಾಲಿಯಾಗುತ್ತೆ. ಮೋಟಾರ್‌ಹೋಮ್ ಖಾಲಿಯಾಗೋದೇ ಇಲ್ಲ. ಮಂಚ, ಕಪಾಟು, ಫ್ರಿಜ್, ಬ್ಯಾಟರಿ ಎಲ್ಲ ಹೊತ್ತುಕೊಂಡು ಮನೆ ಮುಂದೆ ಆರು ತಿಂಗಳು ನಿಂತಿದ್ದರೂ ಸ್ಪ್ರಿಂಗ್‌ಗೆ ರಜೆ ಇಲ್ಲ. ಆ ಭಾರದ ಮೇಲೆ ರಸ್ತೆಯ ಪ್ರತಿ ಏಟೂ ಬೀಳುತ್ತೆ. ಕಟ್ಟೋ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೀವಲ್ಲ, ಹಾಗೆ. ಸ್ವಲ್ಪ ಬಗ್ಗಿಸಿದರೆ ಎಷ್ಟೋ ಸಲ ತಡೆಯುತ್ತೆ, ಜಾಸ್ತಿ ಬಗ್ಗಿಸಿದರೆ ನಾಲ್ಕೇ ಸಲಕ್ಕೆ ಪಟ್ ಅನ್ನುತ್ತೆ. ಉಕ್ಕಿನ ದಣಿವಿನ ಲೆಕ್ಕ ಕ್ರೂರವಾದದ್ದು. ಪ್ರತಿ ಏಟಿನ ಒತ್ತಡ ಐದನೇ ಒಂದು ಭಾಗ ಹೆಚ್ಚಾದರೆ ಆಯಸ್ಸು ಅರ್ಧಕ್ಕಿಂತ ಕೆಳಗಿಳಿಯಬಹುದು. ಅದಕ್ಕೇ ‘ಅಷ್ಟೇನೂ ದೊಡ್ಡ ಗುಂಡಿ ಇರಲಿಲ್ಲ, ಆದ್ರೂ ಮುರೀತು’ ಅಂತ ಎಲ್ಲರೂ ಹೇಳೋದು. ಆ ಗುಂಡಿ ಬರೀ ನೆಪ.

ಭಾರ ಎಷ್ಟು ಅಂತ ಕೂಡಿಸಿ ನೋಡಿ. 18 ಎಂ.ಎಂ. ಪ್ಲೈವುಡ್ಡಿನ ಎಂಟು–ನಾಲ್ಕು ಅಡಿ ಶೀಟ್ ಒಂದಕ್ಕೆ 30ರಿಂದ 35 ಕೆ.ಜಿ. ಆರು ಶೀಟ್ ಹೋದರೆ 200 ಕೆ.ಜಿ. ಹತ್ತಿರ. 200 ಲೀಟರ್ ನೀರು ಅಂದ್ರೆ 200 ಕೆ.ಜಿ. ಮನೆಯ ಇನ್ವರ್ಟರ್‌ನ ದೊಡ್ಡ ಬ್ಯಾಟರಿ ಎರಡು ಇಟ್ಟರೆ 100 ದಾಟುತ್ತೆ. ಮಾಳಿಗೆ ಮೇಲಿನ ಎ.ಸಿ., ಫ್ರಿಜ್, ಆರು ಜನ, ಅವರ ಬ್ಯಾಗು, ಅವಲಕ್ಕಿ ಡಬ್ಬ, ಊರಿಂದ ತಂದ ಅಕ್ಕಿ ಸೇರಿ ಒಂದು ಟನ್ ಆಗೋದು ಕಷ್ಟವೇ ಅಲ್ಲ.

ಇನ್ನೊಂದು ಮೋಸ ಇದೆ. ನೀರಿನ ಟ್ಯಾಂಕನ್ನು ಹಿಂದಿನ ಚಕ್ರಕ್ಕಿಂತ ಹಿಂದೆ ಕೂರಿಸ್ತಾರೆ, ಜಾಗ ಅಲ್ಲೇ ಇರೋದು ಅಂತ. ಮುಂದಿನ–ಹಿಂದಿನ ಚಕ್ರದ ನಡುವೆ 4 ಮೀಟರ್, ಟ್ಯಾಂಕ್ ಹಿಂದಿನ ಚಕ್ರದಿಂದ ಒಂದೂವರೆ ಮೀಟರ್ ಹಿಂದೆ ಅಂತ ಇಟ್ಟುಕೊಳ್ಳಿ. ಆಗ 200 ಕೆ.ಜಿ. ನೀರು ಹಿಂದಿನ ಆಕ್ಸಲ್ ಮೇಲೆ ಹಾಕೋದು 275 ಕೆ.ಜಿ. ಆ ಜಾಸ್ತಿ 75 ಎಲ್ಲಿಂದ ಬಂತು? ಮುಂದಿನ ಚಕ್ರದಿಂದ ಕಿತ್ತುಕೊಂಡಿದ್ದು. ಮಕ್ಕಳ ಏತದ ಆಟ ಇದ್ದ ಹಾಗೆ, ಹಿಂದೆ ಕೂತರೆ ಮುಂದೆ ಏಳುತ್ತೆ. ಹಿಂದೆ ಪ್ಲೇಟ್ ಸೋಲುತ್ತೆ, ಮುಂದೆ ಸ್ಟೇರಿಂಗ್ ಹಗುರವಾಗಿ ಗಾಡಿ ತೇಲಿದ ಹಾಗೆ ಅನ್ನಿಸುತ್ತೆ.

ನಾನು ಇದನ್ನು ಕಲಿತಿದ್ದು ಅಂಕಲೇಶ್ವರ ಹತ್ತಿರದ ಒಂದು ವೇ ಬ್ರಿಡ್ಜ್‌ನಲ್ಲಿ. ಲಾರಿಯವರು ಧರ್ಮಕಾಂಟಾ ಅಂತಾರೆ, ಎಷ್ಟು ಚೆಂದದ ಹೆಸರು ನೋಡಿ. ಗಾಡಿ ಕಟ್ಟಿಕೊಟ್ಟವರು ‘ತೂಕ ಎಲ್ಲ ಲಿಮಿಟ್‌ನಲ್ಲೇ ಇದೆ ಸಾರ್’ ಅಂದಿದ್ರು. ಒಟ್ಟು ತೂಕ ಲಿಮಿಟ್‌ನಲ್ಲೇ ಇತ್ತು, ಸುಳ್ಳಲ್ಲ. ಹಿಂದಿನ ಆಕ್ಸಲ್ ಮಾತ್ರ ಅದರ ಮಿತಿಗಿಂತ 200 ಕೆ.ಜಿ. ಮೇಲೆ. ಒಂದೂವರೆ ವರ್ಷ ನಾನು ಹಾಗೇ ಓಡಿಸಿದ್ದೆ.

ಈ ದಾರಿಯಲ್ಲಿ ಕೈಗಾರಿಕೆ ಜಾಸ್ತಿ, ಹಾಗಾಗಿ ಧರ್ಮಕಾಂಟಾಕ್ಕೆ ಬರವಿಲ್ಲ. ಸೂರತ್ ಆಸುಪಾಸು, ಅಂಕಲೇಶ್ವರ, ವಡೋದರಾದ ಮಕರಪುರಾ, ಎಲ್ಲ ಕಡೆ ಸಿಗುತ್ತೆ. ಆದರೆ ಅಲ್ಲಿವರೆಗೂ ಕಾಯಬೇಡಿ, ಹುಬ್ಬಳ್ಳಿಯಲ್ಲೇ ಮಾಡಿಸಿ. ಮೂರು ಚೀಟಿ ಕೇಳಿ: ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು, ಪೂರ್ತಿ ಗಾಡಿ ಒಂದು, ಹಿಂದಿನ ಚಕ್ರ ಮಾತ್ರ ಒಂದು. ನೀರು ತುಂಬಿರಬೇಕು, ಡೀಸೆಲ್ ತುಂಬಿರಬೇಕು, ಜನ ಒಳಗಿರಬೇಕು. ಗಾಡಿಯ ಪ್ಲೇಟ್ ಮೇಲೆ, ಕೈಪಿಡಿಯಲ್ಲಿ ಬರೆದಿರೋ ಆಕ್ಸಲ್ ಮಿತಿಯ ಜೊತೆ ತಾಳೆ ನೋಡಿ. ಹಿಂದೆ ಜಾಸ್ತಿ ಬಂದರೆ ಮೊದಲ ಮದ್ದು ನೀರು: ಅರ್ಧ ಟ್ಯಾಂಕ್‌ನಲ್ಲಿ ಹೊರಡಿ, ಸಂಜೆ ನಿಲ್ಲೋ ಕಡೆ ತುಂಬಿಸಿ.

‘ಎರಡು ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿಬಿಡಿ’ ಅನ್ನೋ ಸಲಹೆ ಎಲ್ಲ ಗ್ಯಾರೇಜಲ್ಲೂ ಸಿಗುತ್ತೆ. ಗಾಡಿ ಎತ್ತರ ಆಗುತ್ತೆ, ನೋಡೋಕೆ ಸರಿಹೋಯ್ತು ಅನ್ನಿಸುತ್ತೆ. ಆದರೆ ಬ್ರೇಕು ಅದೇ, ಟೈರು ಅದೇ, ಆಕ್ಸಲ್ ಅದೇ. ಪ್ಲೇಟ್ ಕೊಡುತ್ತಿದ್ದ ಎಚ್ಚರಿಕೆಯನ್ನು ಬಾಯಿ ಮುಚ್ಚಿಸಿದಂತೆ ಅಷ್ಟೇ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋದಕ್ಕೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ತಕರಾರೂ ಇದೆ, ಅಪಘಾತ ಆದ ಮೇಲೆ ವಿಮೆಯವರು ಅದನ್ನೇ ಹುಡುಕ್ತಾರೆ.

ಮುರಿಯೋ ಮುಂಚೆ ಪ್ಲೇಟ್ ಹೇಳುತ್ತೆ. ಕೇಳೋಕೆ ಬಿಡದೇ ಇರೋದು ನಮ್ಮ ಪಾತ್ರೆಗಳು! ಮೋಟಾರ್‌ಹೋಮ್ ಒಳಗೆ ಲೋಟ, ತಟ್ಟೆ, ಕುಕ್ಕರ್ ಮುಚ್ಚಳದ ಗದ್ದಲದಲ್ಲಿ ಕೆಳಗಿನ ‘ಟಕ್’ ಕೇಳಿಸೋದಿಲ್ಲ. ಪಾತ್ರೆಗಳನ್ನು ಟವೆಲ್‌ನಲ್ಲಿ ಸುತ್ತಿಡಿ, ಇದು ಸುರಕ್ಷತೆಯ ಮಾತು, ನಗಬೇಡಿ. ಆಮೇಲೆ ಬೆಳಗ್ಗೆ ಹೊರಡೋ ಮುಂಚೆ ಟೇಪ್ ಹಿಡಿದು ನಾಲ್ಕೂ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಿ. ಸಮತಟ್ಟು ಜಾಗದಲ್ಲಿ ಅಳೆದಾಗ ಎಡ–ಬಲದ ವ್ಯತ್ಯಾಸ ನಿನ್ನೆಗಿಂತ ಇವತ್ತು ಹೆಚ್ಚಾಗಿದ್ದರೆ ಏನೋ ಬದಲಾಗಿದೆ. ಟಾರ್ಚ್ ಹಾಕಿ ಪ್ಲೇಟ್‌ಗಳ ಅಂಚು ನೋಡಿ, ಅಡ್ಡಕ್ಕೆ ಕೆಂಪು ತುಕ್ಕಿನ ಗೆರೆ ಕಂಡರೆ ಅದು ಬಿರುಕಾಗಿರಬಹುದು. ಯು-ಬೋಲ್ಟ್ ಪಕ್ಕ ಹೊಳೆಯೋ ಉಜ್ಜಿದ ಗುರುತಿದ್ದರೆ ಬೋಲ್ಟ್ ಸಡಿಲ. ಹೊಸ ಪ್ಲೇಟ್ ಹಾಕಿಸಿದ ಮೇಲೆ ಅವು ಕೂತುಕೊಳ್ಳುತ್ತವೆ, ಕೆಲವು ನೂರು ಕಿಲೋಮೀಟರ್ ಆದ ಮೇಲೆ ಯು-ಬೋಲ್ಟ್ ಮತ್ತೆ ಬಿಗಿಸಲೇಬೇಕು. ಪ್ರಶ್ನೆ ಕೇಳಿದವರೇ, ನಿಮಗೇ ಹೇಳ್ತಿರೋದು. ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಜಿನುಗಿದ್ದರೆ ಹೊರಡಬೇಡಿ.

ರಸ್ತೆ ವಿಚಾರ. ಸೂರತ್‌ನಿಂದ ಭರೂಚ್ ದಾಟೋವರೆಗೆ ಎರೆ ಭೂಮಿ, ನಮ್ಮ ಧಾರವಾಡ–ಗದಗ ಕಡೆಯದೇ ಗುಣ. ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಬಿರಿಯುತ್ತೆ. ಮೇಲಿನ ಡಾಂಬರು ಚೆನ್ನಾಗಿದ್ದರೂ ಅಲ್ಲಲ್ಲಿ ಅಲೆ ಅಲೆಯಾಗಿರಬಹುದು. ಉದ್ದ ಬಾಲದ, ಹಿಂದೆ ಭಾರದ ಗಾಡಿ ಆ ಅಲೆಗೆ ಸಿಕ್ಕರೆ ದೋಣಿ ಥರ ಏಳುತ್ತೆ, ಬೀಳುತ್ತೆ. ಹಾಗಾದಾಗ ವೇಗ ಇಳಿಸಿ, ಬೇರೆ ಉಪಾಯ ಇಲ್ಲ. ಸೇತುವೆಯ ಜಾಯಿಂಟ್‌ಗಳೂ ಹಾಗೇ, ಒಂದೊಂದೂ ಒಂದು ಏಟು. ಭರೂಚ್ ಹತ್ತಿರ ನರ್ಮದೆಗೆ 2017ರಲ್ಲಿ ತೆರೆದ ಕೇಬಲ್ ಸೇತುವೆ 1,344 ಮೀಟರ್ ಉದ್ದ. ಗಂಟೆಗೆ 30 ಕಿಲೋಮೀಟರ್‌ನಲ್ಲಿ ತೆವಳಿದರೆ ದಾಟೋಕೆ ಎರಡೂವರೆ ನಿಮಿಷಕ್ಕೂ ಜಾಸ್ತಿ, ನಡುವೆ ಪಕ್ಕಕ್ಕೆ ಹೋಗೋಕೆ ಜಾಗವಿಲ್ಲ. ಸದ್ದಿನ ಮೇಲೆ ಅನುಮಾನ ಇದ್ದರೆ ಸೇತುವೆಗೆ ಮುಂಚೆಯೇ ಡಾಬಾ ಅಂಗಳಕ್ಕೆ ತಿರುಗಿಸಿ ನೋಡಿ. ವಡೋದರಾದಿಂದ ಮುಂದೆ 93 ಕಿಲೋಮೀಟರ್ ಎಕ್ಸ್‌ಪ್ರೆಸ್‌ವೇ. ರಸ್ತೆ ನುಣುಪು, ಅದೇ ಅದರ ಅಪಾಯ: ಹಿಂದಿನಿಂದ ಬರೋರು ಮುಂದೆ ನಿಂತ ಗಾಡಿ ಇರಬಹುದು ಅಂತ ಅಂದುಕೊಂಡಿರೋದೇ ಇಲ್ಲ.

ಈಗ ಮುರಿದೇ ಹೋಯ್ತು ಅಂದುಕೊಳ್ಳಿ. ದೊಡ್ಡ ಸದ್ದು, ಹಿಂಭಾಗ ಒಂದು ಕಡೆಗೆ ಕುಸಿತ. ಬ್ರೇಕ್ ಒತ್ತಬೇಡಿ. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಆಕ್ಸಲರೇಟರ್ ಬಿಡಿ, ಗಾಡಿ ತಾನಾಗಿ ನಿಧಾನವಾಗಲಿ. ನಾಲ್ಕೂ ಇಂಡಿಕೇಟರ್ ಹಾಕಿ ಎಡಕ್ಕೆ ಸರಿಯಿರಿ. ಟೈರ್ ಉಜ್ಜುತ್ತಿಲ್ಲ, ಗಾಡಿ ನೇರ ಹೋಗ್ತಿದೆ ಅಂದ್ರೆ ಎಡ ಅಂಚಿನಲ್ಲಿ ನಡಿಗೆಯ ವೇಗದಲ್ಲಿ ಲೇ-ಬೈ, ಟೋಲ್ ಪ್ಲಾಜಾ ಅಥವಾ ಎಕ್ಸಿಟ್‌ವರೆಗೆ ಹೋಗೋದು ಅಲ್ಲೇ ನಿಲ್ಲೋದಕ್ಕಿಂತ ಒಳ್ಳೆಯದು. ಸುಟ್ಟ ರಬ್ಬರ್ ವಾಸನೆ ಬಂದರೆ, ಬ್ರೇಕ್ ಪೆಡಲ್ ಮೆತ್ತಗಾದರೆ, ಗಾಡಿ ಅಡ್ಡ ಎಳೆದರೆ, ಅಲ್ಲಿಗೆ ಮುಗೀತು. ಆದಷ್ಟು ಎಡಕ್ಕೆ ಒತ್ತಿ ನಿಲ್ಲಿಸಿ.

ನಿಂತ ತಕ್ಷಣ ಎಲ್ಲರೂ ಎಡ ಬಾಗಿಲಿಂದ ಇಳಿದು, ಲೋಹದ ತಡೆಬೇಲಿ ದಾಟಿ, ಗಾಡಿಗಿಂತ ಹಿಂದಕ್ಕೆ ಹೋಗಿ ನಿಲ್ಲಬೇಕು. ಮುಂದಕ್ಕಲ್ಲ, ಯಾಕಂದ್ರೆ ಹಿಂದಿನಿಂದ ಲಾರಿ ಗುದ್ದಿದರೆ ನಿಮ್ಮ ಗಾಡಿಯೇ ಮುಂದಕ್ಕೆ ನುಗ್ಗುತ್ತೆ. ಮಂಚದ ಮೇಲೆ ಮಲಗಿರೋ ಅಜ್ಜಿಯನ್ನೂ ಎಬ್ಬಿಸಿ. ‘ಹೊರಗೆ ಚಳಿ, ಒಳಗೇ ಇರ್ಲಿ’ ಅನ್ನೋದು ಮೋಟಾರ್‌ಹೋಮ್‌ನವರ ವಿಶೇಷ ತಪ್ಪು, ಮನೆ ಥರ ಅನ್ನಿಸುತ್ತಲ್ಲ. ಇಳಿಯೋವಾಗ ಗ್ಯಾಸ್ ಸಿಲಿಂಡರ್ ವಾಲ್ವ್ ಕೈಗೆ ಸಿಕ್ಕರೆ ಬಂದ್ ಮಾಡಿ. ತ್ರಿಕೋನದ ಬೋರ್ಡ್ ಇಡೋದಾದರೆ ಬೇಲಿಯ ಆಚೆಯಿಂದಲೇ ನಡೆದು ಹೋಗಿ, ದೂರ ಇಡಿ. 100ರ ವೇಗದಲ್ಲಿ ಬರೋ ಗಾಡಿ ಸೆಕೆಂಡಿಗೆ 28 ಮೀಟರ್ ಹತ್ತಿರ ಬರುತ್ತೆ. 50 ಮೀಟರ್ ದೂರದ ಬೋರ್ಡ್ ಅವನಿಗೆ ಎರಡು ಸೆಕೆಂಡೂ ಕೊಡಲ್ಲ. ನೂರೈವತ್ತು ಹೆಜ್ಜೆ ಹೋಗಿ. ರಾತ್ರಿಯಾಗಿದ್ದು ಬೇಲಿಯಾಚೆ ದಾರಿಯಿಲ್ಲ ಅಂದ್ರೆ ಬೋರ್ಡ್ ಆಸೆ ಬಿಡಿ, ಜೀವ ದೊಡ್ಡದು. ನಂತರ ಫೋನ್: ಹೆದ್ದಾರಿ ಸಹಾಯಕ್ಕೆ 1033, ಪೊಲೀಸ್‌ಗೆ 112, ಆಂಬುಲೆನ್ಸ್‌ಗೆ 108. ಎಡಗಡೆಯ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿದರೆ ಅವರು ಬೇಗ ಬರ್ತಾರೆ. ಜಾಕ್ ಹಾಕಿ ಕೆಳಗೆ ನುಗ್ಗೋ ಧೈರ್ಯ ಯಾರಿಗೂ ಬೇಡ, ಮೆಕ್ಯಾನಿಕ್ ಬಂದು ‘ಐದು ನಿಮಿಷ ಸಾಕು’ ಅಂದರೂ ಬೇಡ. ಮೊದಲು ಎಳೆದುಕೊಂಡು ಎಕ್ಸ್‌ಪ್ರೆಸ್‌ವೇಯಿಂದ ಹೊರಗೆ, ರಿಪೇರಿ ಆಮೇಲೆ.

ಕೊನೆಗೆ ವಿಡಿಯೋ ಲೈವ್‌ನಲ್ಲಿ ಬಂದ ಒಂದು ಪ್ರಶ್ನೆ: ‘ಏರ್ ಸಸ್ಪೆನ್ಷನ್ ಹಾಕಿಸಿದರೆ ಈ ತಲೆನೋವೇ ಇರಲ್ಲ ಅಲ್ವಾ?’ ತಲೆನೋವು ಬದಲಾಗುತ್ತೆ ಅಷ್ಟೇ. ಸವಾರಿ ಮೆತ್ತಗಾಗುತ್ತೆ, ಎತ್ತರ ಸರಿ ಮಾಡಿಕೊಳ್ಳಬಹುದು, ಒಪ್ಪಿದೆ. ಆದರೆ ರಬ್ಬರ್ ಚೀಲದ ಮಡಿಕೆಯಲ್ಲಿ ಬಿರುಕು ಬಿಡುತ್ತೆ, ಪೈಪ್ ಸೋರುತ್ತೆ, ಕಂಪ್ರೆಸರ್ ಕೆಡುತ್ತೆ. ಆಕ್ಸಲ್ ಮಿತಿಯಂತೂ ಒಂದು ಕೆ.ಜಿ.ಯೂ ಏರಲ್ಲ. ರಾತ್ರಿ ನಿಲ್ಲಿಸಿದ ಗಾಡಿ ಬೆಳಗ್ಗೆ ಒಂದು ಕಡೆ ವಾಲಿದ್ದರೆ ಸೋರಿಕೆ ಇದೆ ಅಂತ. ಅದಕ್ಕೂ ಅದೇ ಟೇಪ್, ಅದೇ ಡೈರಿ, ಅದೇ ಧರ್ಮಕಾಂಟಾ ಚೀಟಿ ಬೇಕು. ಹುಬ್ಬಳ್ಳಿಯವರು ಚೀಟಿ ಮಾಡಿಸಿದ ಮೇಲೆ ಮೂರೂ ಸಂಖ್ಯೆ ಕಳಿಸಿ, ಮುಂದಿನ ವಾರ ಕೂತು ಲೆಕ್ಕ ಹಾಕೋಣ.