ಲಾರಿ ಚಾಲಕನ ನಿದ್ದೆಗೂ ಲೆಕ್ಕವಿರಲಿ

ಮುಂಬಯಿಯಿಂದ ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಮಾರ್ಗವಾಗಿ ಬೆಂಗಳೂರಿಗೆ ಸುಮಾರು 980 ಕಿ.ಮೀ. ಮಾಲು ತುಂಬಿದ ಲಾರಿ ಗಂಟೆಗೆ ಸರಾಸರಿ 45 ಕಿ.ಮೀ. ಓಡಿದರೂ 22 ಗಂಟೆ ಬೇಕು. ದಿನಕ್ಕೆ 8 ಗಂಟೆಯಂತೆ ಒಬ್ಬನೇ ಚಾಲಕನಿಗೆ ಇದು ಮೂರು ದಿನದ ಕೆಲಸ. 'ನಾಳೆ ರಾತ್ರಿಯೊಳಗೆ ಮಾಲು ತಲುಪಲೇಬೇಕು' ಎಂದರೆ ಕಡಿತವಾಗುವುದು ಅವನ ನಿದ್ದೆಯೇ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿ ಹಾಕಿತ್ತು. 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ, ವಾರಕ್ಕೊಂದು ರಜೆ ಕಡ್ಡಾಯವಾಗಿತ್ತು. ಅದರ ಸ್ಥಾನಕ್ಕೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ದಿನಕ್ಕೆ 8 ಗಂಟೆಯ ಮಿತಿ ಉಳಿದಿದೆ.

ಆದರೆ ಟ್ರಿಪ್ ಲೆಕ್ಕದಲ್ಲಿ ಹಣ ಪಡೆಯುವ ಚಾಲಕನಿಗೆ ವಿರಾಮವೆಂದರೆ ನಷ್ಟ. ನಡುರಾತ್ರಿ ಕಳೆದ ಮೇಲೆ ಬೆಳಗಿನ ಜಾವದವರೆಗೆ ದೇಹ ನಿದ್ದೆ ಬೇಡುತ್ತದೆ. ಚಹಾ ಅದನ್ನು ಮುಂದೂಡೀತೇ ಹೊರತು ತೀರಿಸದು. ಆದ್ದರಿಂದ ಬಾಡಿಗೆ ಒಪ್ಪುವಾಗಲೇ ಮಾಲಕರು ತಂಗುವ ಊರು, ಹೊತ್ತುಗಳನ್ನು ಬರೆದಿಟ್ಟು, ತಂಗಿದ ರಾತ್ರಿಗೂ ಭತ್ಯೆ ಕೊಡುವುದು ಒಳಿತು. ಮಾಲು ತರಿಸುವ ವ್ಯಾಪಾರಿಗಳೂ ಒಂದು ದಿನ ಹೆಚ್ಚು ಕಾಯುವ ಮನಸ್ಸು ಮಾಡಬೇಕು. ಚಾಲಕನ ಜೀವದ ಜತೆಗೆ, ಅದೇ ದಾರಿಯಲ್ಲಿ ರಾತ್ರಿ ಬಸ್ಸು ಹತ್ತಿ ಊರಿಗೆ ಹೊರಟ ನಮ್ಮವರ ಜೀವವೂ ಇದರಲ್ಲಿದೆ.