ಮನೆಯ ತಿಪ್ಪೆಯಿಂದ ಊರ ಕೆರೆಯವರೆಗೆ



ರಾಗಿ ಒಕ್ಕಣೆ ಮುಗಿದು ಮೆದೆ ಒಟ್ಟಿದ್ದಾಯಿತು. ಅವರೆ, ತೊಗರಿ ಮನೆ ಸೇರಿದವು. ಕೆರೆಯ ನೀರು ಇಳಿದು ಅಂಗಳದ ಗೋಡು ಬಿರುಕು ಬಿಡುತ್ತಿದೆ. ಯುಗಾದಿಗೆ ಹೊನ್ನಾರು ಹೂಡುವವರೆಗೆ ನಮ್ಮ ಬಯಲುಸೀಮೆಯ ರೈತನಿಗೆ ತುಸು ಬಿಡುವು. ಈ ಬಿಡುವಿನಲ್ಲಿ ಮಾಡಿಕೊಳ್ಳಬಹುದಾದ ನಾಲ್ಕು ಕೆಲಸಗಳನ್ನು ಈ ವಾರ ಹೇಳಬೇಕೆಂದಿದ್ದೇನೆ. ಇವಕ್ಕೆ ಹೊಸ ಯಂತ್ರ ಬೇಡ, ದೊಡ್ಡ ಬಂಡವಾಳವೂ ಬೇಡ. ದಿನದ ರೂಢಿಯನ್ನು ತುಸು ತಿದ್ದಿಕೊಂಡರೆ ಸಾಕು. ನಿಮ್ಮ ಹೊಲಕ್ಕೂ ಲಾಭ, ಊರಿಗೂ ಲಾಭ.

ಅದಕ್ಕೆ ಮುಂಚೆ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಹೋಬಳಿಯ ಒಂದು ಊರಿನ ರೈತರೊಬ್ಬರು ಟೊಮೆಟೊ ಕಾಯಿಕೊರಕದ ಹುಳುವಿಗೆ ನನ್ನಿಂದ ಔಷಧಿ ಬರೆಸಿಕೊಂಡು ಹೋದರು. ಔಷಧಿಯ ಹೆಸರು, ಲೀಟರ್ ನೀರಿಗೆ ಎಷ್ಟು, ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಹಣ್ಣು ಕೀಳಬೇಕು, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಹಾಗೆಯೇ ಹೊಡೆದರು. ಸಂಜೆ ಮನೆಗೆ ಹೋಗುವಾಗ ಉಳಿದ ಔಷಧಿಯನ್ನು ಚೆಲ್ಲಿ, ಕ್ಯಾನನ್ನೂ ಡಬ್ಬಗಳನ್ನೂ ಕೆರೆಯಲ್ಲಿ ಉಳಿದಿದ್ದ ಮಡುವಿನಲ್ಲಿ ತೊಳೆದರು. ಬೇಸಿಗೆ, ಕೆರೆಯ ನೀರೆಲ್ಲ ಆ ಒಂದು ಮಡುವಿಗೆ ಇಳಿದಿತ್ತು. ಮಾರನೆಯ ದಿನ ಬೆಳಿಗ್ಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಮೀನಿನ ಹಕ್ಕನ್ನು ಹರಾಜಿನಲ್ಲಿ ಪಡೆದಿದ್ದವರು ಅದೇ ಊರಿನ ಇಬ್ಬರು ಅಣ್ಣತಮ್ಮಂದಿರು. ಸಾಲ ಮಾಡಿ ಮರಿ ಬಿಟ್ಟಿದ್ದರು. ಅರಳಿಕಟ್ಟೆಯಲ್ಲಿ ಪಂಚಾಯಿತಿ ಸೇರಿತು. ಮಾತು ಕೈಗೆ ಬರುವಷ್ಟು ಬೆಳೆಯಿತು. ನನ್ನನ್ನೂ ಕರೆಸಿದ್ದರು. ಟೊಮೆಟೊ ಬೆಳೆದವರು ಚೀಟಿಯನ್ನು ನನ್ನ ಮುಂದಿಟ್ಟು, “ಸಾರ್, ನೀವು ಬರೆದ ಹಾಗೇ ಮಾಡಿದೀನಿ. ಕ್ಯಾನು ಎಲ್ಲಿ ತೊಳೀಬೇಕು ಅಂತ ಇದರಲ್ಲಿ ಬರೆದಿಲ್ಲವಲ್ಲ?” ಎಂದರು. ಅಕ್ಷರ ನನ್ನದೇ. ಅದರಲ್ಲಿ ಆ ಮಾತು ಇರಲಿಲ್ಲ. ಆ ವರ್ಷ ಅಣ್ಣತಮ್ಮಂದಿರು ಸಾಲ ತೀರಿಸಲು ಒಂದು ಜೊತೆ ಎತ್ತು ಮಾರಿದರು.

ನಾವು ನಮ್ಮ ಹೊಲದ ಬದುವಿಗೆ ನಮ್ಮ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ. ಆದರೆ ನೀರಿಗೆ ಬದುವಿಲ್ಲ. ಹಿತ್ತಿಲಲ್ಲಿ, ಹೊಲದಲ್ಲಿ ಚೆಲ್ಲಿದ್ದು ಹಳ್ಳ ಹಿಡಿದು ಕೆರೆ ಸೇರುತ್ತದೆ; ಕೆರೆಯದು ಇಂಗಿ ಬಾವಿ ಸೇರುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ನಾಲ್ಕು ವಿಷಯಗಳನ್ನು ಓದಿರಿ.

1. ಔಷಧಿಯ ಡಬ್ಬ

ಕೀಟನಾಶಕದ ಡಬ್ಬದ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಇದ್ದರೆ ಅತಿ ಘೋರ ವಿಷ. ಅನಂತರ ಹಳದಿ, ನೀಲಿ. ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರು ಇದ್ದ ಮಾತ್ರಕ್ಕೆ ವಿಷವಲ್ಲವೆಂದು ಅರ್ಥವಲ್ಲ. ಈ ಬಣ್ಣ ಮನುಷ್ಯರಿಗಾಗುವ ಅಪಾಯವನ್ನು ಹೇಳುತ್ತದೆಯೇ ಹೊರತು ಮೀನಿಗಾಗುವುದನ್ನಲ್ಲ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮುಂತಾದ ಪೈರೆಥ್ರಾಯ್ಡ್ ಗುಂಪಿನ ಔಷಧಿಗಳು ಮೀನಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕ.

ಆದುದರಿಂದ ಹೀಗೆ ಮಾಡಿರಿ. ಆ ದಿನಕ್ಕೆ ಬೇಕಾದಷ್ಟೇ ಔಷಧಿ ಬೆರೆಸಿರಿ. ಡಬ್ಬ ಖಾಲಿಯಾದೊಡನೆ ಸ್ವಲ್ಪ ನೀರು ಹಾಕಿ, ಮುಚ್ಚಿ, ಚೆನ್ನಾಗಿ ಕುಲುಕಿ, ಆ ನೀರನ್ನು ಸಿಂಪಡಿಸುವ ಕ್ಯಾನಿಗೇ ಸುರಿಯಿರಿ. ಹೀಗೆ ಮೂರು ಸಲ. ಇದರಿಂದ ಡಬ್ಬವೂ ತೊಳೆದಂತಾಯಿತು, ಕೊಟ್ಟ ಕಾಸಿನ ಔಷಧಿಯೂ ವ್ಯರ್ಥವಾಗಲಿಲ್ಲ. ಕ್ಯಾನು ತೊಳೆದ ನೀರನ್ನು ಅದೇ ಹೊಲದ ಸಾಲಿಗೆ ಚೆಲ್ಲಿರಿ. ಕೆರೆ, ಕಾಲುವೆ, ಬಾವಿಯ ಬಳಿ ತೊಳೆಯಲೇ ಕೂಡದು. ತೊಳೆದ ಡಬ್ಬಕ್ಕೆ ಮೊಳೆ ಹೊಡೆದು ತೂತು ಮಾಡಿಡಿರಿ. ಇಲ್ಲವಾದರೆ ಇಂದಲ್ಲ ನಾಳೆ ಅದು ಯಾರದೋ ಮನೆಯಲ್ಲಿ ಸೀಮೆಎಣ್ಣೆಗೋ ನೀರಿಗೋ ಬಳಕೆಯಾಗುತ್ತದೆ.

2. ತಿಪ್ಪೆ

ಮನೆಯ ಮುಂದೆ ಗುಡ್ಡೆ ಹಾಕಿದ ತಿಪ್ಪೆಯನ್ನು ನೋಡಿರಿ. ಬಿಸಿಲಿಗೆ ಸಾರಜನಕ ಆವಿಯಾಗುತ್ತದೆ. ಮಳೆ ಬಿದ್ದೊಡನೆ ಕಪ್ಪು ರಸ ಬೀದಿಗೆ ಹರಿಯುತ್ತದೆ. ಆ ರಸ ನಿಮ್ಮ ಹೊಲದ ಬೆಳೆ. ಒಳ್ಳೆಯ ಕೊಟ್ಟಿಗೆ ಗೊಬ್ಬರದ ಒಂದು ಟನ್ನಿನಲ್ಲಿ ಸುಮಾರು 5 ಕಿಲೋ ಸಾರಜನಕ, 2 ಕಿಲೋ ರಂಜಕ, 5 ಕಿಲೋ ಪೊಟ್ಯಾಷ್ ಇರುತ್ತವೆ. ಸಾರಜನಕವೊಂದನ್ನೇ ಲೆಕ್ಕ ಹಾಕಿದರೆ ಅದು ಸುಮಾರು 11 ಕಿಲೋ ಯೂರಿಯಕ್ಕೆ ಸಮ. ಮಳೆ ಆಧಾರದ ರಾಗಿಗೆ ಎಕರೆಗೆ 3 ಟನ್ ಗೊಬ್ಬರ ಬೇಕು. ಬೀದಿಗೆ ಹರಿದುಹೋದುದನ್ನು ನೀವೇ ಅಂಗಡಿಯಲ್ಲಿ ಕೊಂಡು ತರುತ್ತಿದ್ದೀರಿ.

ನಷ್ಟ ಇಷ್ಟೇ ಅಲ್ಲ. ಬಾವಿಯ ಪಕ್ಕದಲ್ಲಿ ತಿಪ್ಪೆಯಿದ್ದರೆ ಇಂಗಿದ ರಸದಿಂದ ಕುಡಿಯುವ ನೀರಿನಲ್ಲಿ ನೈಟ್ರೇಟ್ ಹೆಚ್ಚುತ್ತದೆ. ಲೀಟರ್ ನೀರಿನಲ್ಲಿ ಅದು 45 ಮಿಲಿಗ್ರಾಂ ಮೀರಕೂಡದು. ಮೀರಿದರೆ, ಆ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದ ಹಸುಗೂಸುಗಳಿಗೆ ಅಪಾಯ.

ಪರಿಹಾರವೇನು? ಬಾವಿಯಿಂದ ದೂರದಲ್ಲಿ, ನೀರು ನಿಲ್ಲದ ಎತ್ತರದ ಜಾಗದಲ್ಲಿ, 20 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳದ ಗುಂಡಿ ತೆಗೆಯಿರಿ. ದನಗಳ ಕೆಳಗೆ ಸೊಪ್ಪುಸದೆ ಹಾಸಿ, ಗಂಜಲ ಹೀರಿದ ಆ ಹಾಸನ್ನು ಸಗಣಿಯೊಡನೆ ದಿನವೂ ಗುಂಡಿಗೆ ಹಾಕಿರಿ. ಸಗಣಿಗಿಂತ ಗಂಜಲದಲ್ಲಿಯೇ ಸಾರಜನಕ ಹೆಚ್ಚು. ನಾವು ಅದನ್ನೇ ಮೋರಿಗೆ ಬಿಡುತ್ತೇವೆ. ಗುಂಡಿಯನ್ನು ಒಂದು ಕೊನೆಯಿಂದ ತುಂಬುತ್ತ ಬನ್ನಿರಿ. ನೆಲಮಟ್ಟದಿಂದ ಒಂದೂವರೆ ಅಡಿ ಮೇಲೆ ಬಂದ ಭಾಗಕ್ಕೆ ಮಣ್ಣು, ಸಗಣಿ ಕಲಸಿ ಮೆತ್ತಿರಿ. ನಾಲ್ಕೈದು ತಿಂಗಳಲ್ಲಿ ಗೊಬ್ಬರ ಸಿದ್ಧ. ಕಸವನ್ನು ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ, ಮಗುಚದೆ ಕೊಳೆಸುವ ವಿಧಾನಕ್ಕೆ ಜಗತ್ತಿನ ಪುಸ್ತಕಗಳಲ್ಲಿ ‘ಬೆಂಗಳೂರು ಪದ್ಧತಿ’ ಎಂದೇ ಹೆಸರು. 1939ರಲ್ಲಿ ಡಾ. ಸಿ.ಎನ್. ಆಚಾರ್ಯ ಎಂಬ ವಿಜ್ಞಾನಿ ಅದನ್ನು ರೂಪಿಸಿದುದು ನಮ್ಮ ಬೆಂಗಳೂರಿನಲ್ಲಿಯೇ.

ಮನೆಯ ಹೆಂಗಸರಿಗೆ ಒಂದು ವಿಶೇಷ ಮಾತು. ತಿಪ್ಪೆಯ ಬೀಗದ ಕೈ ನಿಮ್ಮಲ್ಲಿದೆ. ಹಾಲಿನ ಕವರು, ಗುಟ್ಕಾ ಚೀಟಿ, ಪ್ಲಾಸ್ಟಿಕ್ ದಾರ ಒಮ್ಮೆ ತಿಪ್ಪೆಗೆ ಬಿದ್ದರೆ ಹೊಲಕ್ಕೆ ಹೋಗಿ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ. ಅನ್ನದ ವಾಸನೆಯ ಕವರನ್ನು ದನ ತಿಂದರೆ ಹೊಟ್ಟೆಯಲ್ಲಿಯೇ ನಿಲ್ಲುತ್ತದೆ. ಮೇವು ಬಿಟ್ಟು ಸೊರಗಿ ಸಾಯುವುದೂ ಉಂಟು. ಅಡುಗೆಮನೆಯ ಬಾಗಿಲಲ್ಲಿ ಎರಡು ಪುಟ್ಟಿ ಇಡಿರಿ. ಕೊಳೆಯುವುದು ಒಂದಕ್ಕೆ, ಕೊಳೆಯದ್ದು ಇನ್ನೊಂದಕ್ಕೆ. ಎರಡನೆಯದು ಪಂಚಾಯಿತಿಯ ಕಸದ ಗಾಡಿಗೆ.

3. ಬೆಂಕಿ ಹಾಕಬೇಡಿರಿ

ಬದುವಿನ ಹುಲ್ಲಿಗೆ, ಟೊಮೆಟೊ ಬಳ್ಳಿಗೆ, ಕೆರೆ ಬಯಲಿನ ಗದ್ದೆಯ ಕೂಳೆಗೆ ಬೆಂಕಿ ಹಾಕುವುದು ಸುಲಭ. ಆದರೆ ಲೆಕ್ಕ ಕೇಳಿರಿ: ಒಂದು ಟನ್ ಬತ್ತದ ಹುಲ್ಲಿನಲ್ಲಿ ಸುಮಾರು ಐದೂವರೆ ಕಿಲೋ ಸಾರಜನಕ, 25 ಕಿಲೋ ಪೊಟ್ಯಾಷ್, 400 ಕಿಲೋ ಇಂಗಾಲ ಇವೆ. ಬೆಂಕಿಗೆ ಸಾರಜನಕವೂ ಇಂಗಾಲವೂ ಬಹುಮಟ್ಟಿಗೆ ಹೊಗೆಯಾಗಿ ಹೋಗುತ್ತವೆ. ಬದುವಿನ ಮೇಲಿನ ಹೊಂಗೆ ಸಸಿಯೂ ಸುಡುತ್ತದೆ. ಮೇವಾಗದ ಕಸವನ್ನು ಗುಂಡಿಗೆ ಹಾಕಿರಿ. ಇಲ್ಲವೇ ಬಾಳೆ, ತೆಂಗು, ಮಾವಿನ ಬುಡಕ್ಕೆ ಹೊದಿಕೆಯಾಗಿ ಹಾಸಿರಿ. ನೆಲದ ತೇವ ಉಳಿಯುತ್ತದೆ. ರೋಗ ಹತ್ತಿದ ಬಳ್ಳಿಯನ್ನು ಮಾತ್ರ ಹೊಲದಿಂದ ದೂರ ಒಯ್ದು ಹೂಳಿರಿ.

4. ಕೆರೆಯ ಗೋಡು

ನಮ್ಮ ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ. ಹಿಂದೆ ನೀರುಗಂಟಿ ತೂಬು ನೋಡಿಕೊಳ್ಳುತ್ತಿದ್ದ. ಊರವರು ಬೇಸಿಗೆಯಲ್ಲಿ ಗಾಡಿ ಕಟ್ಟಿ ಗೋಡು ಹೊಡೆಯುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಆ ರೂಢಿ ತಪ್ಪಿತು. ಬೋರ್‌ವೆಲ್ಲು ಆಳಕ್ಕೆ ಹೋದಷ್ಟೂ ಕೆರೆ ಬೇಕೆಂಬುದು ನಮಗೆ ಈಗ ಅರ್ಥವಾಗುತ್ತಿದೆ.

ಕೆಂಪು ಮರಳು ಮಣ್ಣಿನ ಹೊಲಕ್ಕೆ ಗೋಡಿನಷ್ಟು ಒಳ್ಳೆಯ ಮದ್ದಿಲ್ಲ. ಮಣ್ಣು ನೀರು ಹಿಡಿಯುತ್ತದೆ. ಒಂದು ಎಕರೆಗೆ ಒಂದು ಅಂಗುಲ ದಪ್ಪ ಹರಡಲು ಸುಮಾರು 100 ಘನ ಮೀಟರ್ ಗೋಡು ಬೇಕು. ಅಷ್ಟನ್ನು ತೆಗೆದ ಜಾಗದಲ್ಲಿ, ಕೆರೆ ತುಂಬಿದಾಗ, 1 ಲಕ್ಷ ಲೀಟರ್ ನೀರು ಹೆಚ್ಚಾಗಿ ನಿಲ್ಲುತ್ತದೆ. ಹತ್ತು ಜನ ಸೇರಿದರೆ 10 ಲಕ್ಷ ಲೀಟರ್. ಹತ್ತು ಜನರ ಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ಸುಳ್ಳಲ್ಲ.

ಆದರೆ ಕೆಲವು ಎಚ್ಚರಿಕೆಗಳು ಅವಶ್ಯ. ಪಂಚಾಯಿತಿಗೂ, ಕೆರೆ ಯಾವ ಇಲಾಖೆಯ ಆಡಳಿತದಲ್ಲಿದೆಯೋ ಅದಕ್ಕೂ ತಿಳಿಸಿ ಅನುಮತಿ ಪಡೆಯಿರಿ. ಏರಿಯ ಬುಡದಲ್ಲಿ, ತೂಬಿನ ಪಕ್ಕದಲ್ಲಿ ಅಗೆಯಬೇಡಿರಿ. ಒಂದೇ ಕಡೆ ಬಾವಿಯಂತೆ ತೋಡದೆ ಮೇಲ್ಪದರವನ್ನು ಸಮನಾಗಿ ಎತ್ತಿರಿ. ಜೇಡಿ ಮಣ್ಣಿನ, ಚೌಳು ಹೊಲಗಳಿಗೆ ಗೋಡು ಬೇಡ. ಮಣ್ಣು ಪರೀಕ್ಷೆ ಮಾಡಿಸಿ ನಿರ್ಧರಿಸಿರಿ. ನೀರು ಬರುವ ಕಾಲುವೆ ಮುಚ್ಚಿದ್ದರೆ ಗೋಡು ತೆಗೆದೂ ಪ್ರಯೋಜನವಿಲ್ಲ; ಮೊದಲು ಕಾಲುವೆಯನ್ನು ಬಿಡಿಸಿರಿ.

ಊರು ಒಂದಾಗುವುದು ಹೇಗೆ?

“ಎಲ್ಲ ಸರಿ ಸಾರ್, ಊರವರು ಒಂದಾಗಬೇಕಲ್ಲ?” ಎಂದು ಹೋದಲ್ಲೆಲ್ಲ ಕೇಳುತ್ತಾರೆ. ಇದಕ್ಕೆ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯ ಅನುಭವ ಉತ್ತರ ಹೇಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಮೊದಲು ಮನೆಮನೆಗೆ ಅಡುಗೆ ಅನಿಲ ಕೊಡಲು ನೋಡಿದರು. ಸಾಲಲಿಲ್ಲ, ಯೋಜನೆ ನಿಂತಿತು. ಆಮೇಲೆ 1980ರ ದಶಕದ ಕೊನೆಯಲ್ಲಿ ಅದೇ ಅನಿಲದಿಂದ ಎಂಜಿನ್ ನಡೆಸಿ, ಬೋರ್‌ವೆಲ್ ನೀರನ್ನು ನಲ್ಲಿಗೆ ತಂದರು, ಮನೆಗೆ ದೀಪ ಕೊಟ್ಟರು. ಮನೆಯವರು ಸಗಣಿ ತಂದು ಹಾಕಿ ಬಗ್ಗಡವನ್ನು ಹೊಲಕ್ಕೆ ಮರಳಿ ಪಡೆಯುತ್ತಿದ್ದರು. ಊರು ಒಂದಾದದ್ದು ಉಪದೇಶದಿಂದಲ್ಲ, ನಲ್ಲಿಯಲ್ಲಿ ನೀರು ಬಂದಾಗ. ನಿಮ್ಮ ಊರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದುದು ಯಾವುದು? ಅಲ್ಲಿಂದ ಆರಂಭಿಸಿರಿ.

ನಾನು ಮೊದಲು ಹೇಳಿದ ಊರಿನಲ್ಲಿ ಈಗ ಕೆರೆಯಿಂದ ದೂರ, ಒಂದು ಬೋರ್‌ವೆಲ್ ಬಳಿ ಸಿಮೆಂಟಿನ ತೊಟ್ಟಿಯಿದೆ. ಔಷಧಿಗೆ ಬೇಕಾದ ನೀರನ್ನು ಎಲ್ಲರೂ ಅಲ್ಲಿಂದಲೇ ಹೊಲಕ್ಕೆ ಒಯ್ಯುತ್ತಾರೆ. ಕ್ಯಾನು ಹಿಡಿದು ಯಾರೂ ಕೆರೆಗೆ ಇಳಿಯುವುದಿಲ್ಲ. ತೊಟ್ಟಿಯ ಸಿಮೆಂಟಿಗೆ ಹಣ ಕೊಟ್ಟವರು ಆ ಟೊಮೆಟೊ ಬೆಳೆದ ರೈತರೇ. ಕಟ್ಟುವಾಗ ಮರಳು ಹೊತ್ತವರಲ್ಲಿ ಆ ಅಣ್ಣತಮ್ಮಂದಿರೂ ಇದ್ದರು. ನಾನೂ ಈಗ ಚೀಟಿ ಬರೆಯುವಾಗ ಕೊನೆಯಲ್ಲಿ ಒಂದು ಸಾಲು ಸೇರಿಸುತ್ತೇನೆ: ‘ಕ್ಯಾನನ್ನು ಹೊಲದಲ್ಲಿಯೇ ತೊಳೆಯಿರಿ.’

ಈ ವಾರ ಒಂದೇ ಒಂದು ಕೆಲಸ ಮಾಡಿರಿ. ಗುಂಡಿಗೆ ಗುದ್ದಲಿ ಹಾಕಿರಿ, ಇಲ್ಲವೇ ಡಬ್ಬಕ್ಕೆ ಮೊಳೆ ಹೊಡೆಯಿರಿ. ಮಣ್ಣು ಪರೀಕ್ಷೆಗೆ ಮತ್ತು ಹೆಚ್ಚಿನ ವಿವರಗಳಿಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.