ಹೊಟ್ಟು, ಗಾಳಿ ಮತ್ತು ಒಂದೇ ಫೇಸು

ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಮರಗೆಲಸ ಮಾಡುವ ಹವ್ಯಾಸಿಗಳಿಗೆ ಎರಡು ಕೊರತೆಗಳು ಜೊತೆಯಾಗಿಯೇ ಎದುರಾಗುತ್ತವೆ. ಗರಗಸ ಎಬ್ಬಿಸಿದ ಧೂಳನ್ನು ಸೆಳೆದುಕೊಳ್ಳುವಷ್ಟು ಗಾಳಿ ಅಲ್ಲಿರುವುದಿಲ್ಲ. ಅಷ್ಟು ಗಾಳಿಯನ್ನು ಎಳೆಯಬಲ್ಲ ಮೋಟರಿಗೆ ಬೇಕಾದ ಕರೆಂಟು ಮನೆಯ ಸಂಪರ್ಕದಲ್ಲಿರುವುದಿಲ್ಲ. ಯಂತ್ರ ಮಾರುವವರ ಕ್ಯಾಟಲಾಗುಗಳು ಇವನ್ನು ಸಂಬಂಧವಿಲ್ಲದ ಎರಡು ತೊಂದರೆಗಳೆಂದು ಬಗೆದು ಮೊದಲನೆಯದಕ್ಕೆ ದೊಡ್ಡ ಬ್ಲೋವರನ್ನೂ ಎರಡನೆಯದಕ್ಕೆ ತ್ರೀ ಫೇಸ್ ಸಂಪರ್ಕವನ್ನೂ ಸೂಚಿಸುತ್ತವೆ. ಆದರೆ ಇವೆರಡೂ ಒಂದೇ ಖಾತೆಯ ಜಮಾ ಮತ್ತು ಖರ್ಚು ಎಂಬುದು ಸಿಂಗಲ್ ಫೇಸಿನಲ್ಲೇ ಬದುಕು ಸಾಗಿಸಬೇಕಾದ ಶೆಡ್ಡುಗಳನ್ನು ನೋಡಿದವರಿಗೆ ಬೇಗ ಹೊಳೆಯುತ್ತದೆ. ಧೂಳನ್ನು ಹುಟ್ಟಿದ ಜಾಗದಲ್ಲೇ ಹಿಡಿಯುವ ಜಾಣ್ಮೆ ಇದ್ದಲ್ಲಿ ಗಾಳಿ ಕಡಿಮೆ ಸಾಕಾಗುತ್ತದೆ, ಗಾಳಿ ಕಡಿಮೆ ಸಾಕಾದಲ್ಲಿ ಕರೆಂಟೂ ಕಡಿಮೆ ಸಾಕಾಗುತ್ತದೆ.

ಸಾಗರ ತಾಲ್ಲೂಕಿನ ಅಡಿಕೆ ತೋಟವೊಂದರ ಅಂಚಿನಲ್ಲಿ, ದನಗಳಿಲ್ಲದೆ ಬರಿದಾದ ಕೊಟ್ಟಿಗೆಯನ್ನೇ ಮರಗೆಲಸದ ಶೆಡ್ಡಾಗಿ ಮಾರ್ಪಡಿಸಿಕೊಂಡಿರುವ ಒಂದು ಮನೆ ಈ ಮಾತಿಗೆ ಅತ್ಯುತ್ತಮ ನಿದರ್ಶನವಾಗಿದೆ. ಅಲ್ಲಿರುವುದು ಒಂದೂವರೆ ಎಚ್‌ಪಿಯ ಟೇಬಲ್ ಗರಗಸ, ಅದಕ್ಕಿಂತ ಚಿಕ್ಕದೊಂದು ಪ್ಲೇನರ್, ಕೈಯಲ್ಲಿ ಹಿಡಿದು ಉಜ್ಜುವ ಸ್ಯಾಂಡರ್, 1200 ವಾಟಿನ ವ್ಯಾಕ್ಯೂಮ್ ಕ್ಲೀನರ್ ಮತ್ತು ಒಂದು ಎಚ್‌ಪಿಯ ಬ್ಲೋವರ್. ಗರಗಸದ ಮೋಟರು ಪೂರ್ಣ ಹೊರೆಯಲ್ಲಿ ಸುಮಾರು ಎಂಟೂವರೆ ಆಂಪಿಯರ್ ಎಳೆಯುತ್ತದೆ, ವ್ಯಾಕ್ಯೂಮ್ ಐದಕ್ಕಿಂತ ತುಸು ಹೆಚ್ಚು. ಎರಡೂ ಸೇರಿ ಹದಿನಾಲ್ಕರೊಳಗೇ ಇರುವುದರಿಂದ 16 ಆಂಪಿಯರಿನ ಎಂಸಿಬಿ, ಅಂದರೆ ಹೊರೆ ಮೀರಿದಾಗ ತಾನಾಗಿ ಬೀಳುವ ಸ್ವಿಚ್ಚು, ಕಾಗದದ ಲೆಕ್ಕದಲ್ಲಿ ಬೀಳಬಾರದು. ಆದರೂ ಅದು ಬೀಳುತ್ತಿತ್ತು. ಇಂಡಕ್ಷನ್ ಮೋಟರು ನಿಂತ ಸ್ಥಿತಿಯಿಂದ ಏಳುವಾಗ ತನ್ನ ಸಾಮಾನ್ಯ ಕರೆಂಟಿನ ಐದಾರು ಪಟ್ಟು ಕ್ಷಣಮಾತ್ರ ಬೇಡುತ್ತದೆ, ಮತ್ತು ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಬಿ ಬಗೆಯ ಎಂಸಿಬಿ ಮೂರರಿಂದ ಐದು ಪಟ್ಟಿನೊಳಗೇ, ಅಂದರೆ 48ರಿಂದ 80 ಆಂಪಿಯರಿನ ನಡುವೆ, ಕ್ಷಣಾರ್ಧದಲ್ಲಿ ಕಡಿದುಕೊಳ್ಳುತ್ತದೆ. ಐದರಿಂದ ಹತ್ತು ಪಟ್ಟಿನವರೆಗೆ ತಾಳುವ ಸಿ ಬಗೆಯದನ್ನು ಹಾಕಿದರೆ ಈ ಕಿರಿಕಿರಿ ತಪ್ಪುತ್ತದೆ, ಆದರೆ ಅದಕ್ಕೆ ಮುನ್ನ ಹಿಂದಿರುವ ವೈರು ಮತ್ತು ಅರ್ಥಿಂಗ್ ಎರಡೂ ಯೋಗ್ಯವಾಗಿವೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿಕೊಳ್ಳದಿದ್ದರೆ ಕಾವಲುಗಾರನನ್ನು ಮಲಗಿಸಿ ಕಳ್ಳನಿಲ್ಲವೆಂದು ನಂಬಿದ ಹಾಗಾಗುತ್ತದೆ.

ನಿಜವಾದ ತೊಂದರೆ ಇದ್ದದ್ದು ವೈರಿನಲ್ಲಿ. ಮನೆಯ ಮೀಟರ್ ಬೋರ್ಡಿನಿಂದ ಅಂಗಳ ದಾಟಿ ಕೊಟ್ಟಿಗೆಗೆ ಸುಮಾರು 30 ಮೀಟರ್ ದೂರ. ಹಿಂದೆ ಒಂದು ಬಲ್ಬಿಗೆಂದು ಎಳೆದಿದ್ದ, ಎಲೆಕ್ಟ್ರಿಷಿಯನ್ನರು ‘ಒಂದೂವರೆ ಸ್ಕ್ವೇರ್’ ಎನ್ನುವ, ಒಂದೂವರೆ ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ವೈರಿನಲ್ಲೇ ಯಂತ್ರಗಳೂ ನಡೆಯುತ್ತಿದ್ದವು. ಅಂಥ ವೈರು ಕಿಲೋಮೀಟರಿಗೆ 12.1 ಓಮ್ ಅಡ್ಡಿ ಒಡ್ಡುತ್ತದೆ, ಕರೆಂಟು ಹೋಗಿ ಬರುವ 60 ಮೀಟರಿಗೆ ಅದು ಮುಕ್ಕಾಲು ಓಮಿಗೆ ಸಮೀಪ; ಮೋಟರು ಏಳುವ ಹೊತ್ತಿನ 50 ಆಂಪಿಯರಿಗೆ ದಾರಿಯಲ್ಲೇ 36 ವೋಲ್ಟ್ ಸೋರಿಹೋಗುತ್ತದೆ. ‘ನಾಲ್ಕು ಸ್ಕ್ವೇರ್’ ವೈರು ಹಾಕಿದ ಮೇಲೆ ಅದೇ ನಷ್ಟ 14 ವೋಲ್ಟಿಗೆ ಇಳಿಯಿತು. ಇಡೀ ಶೆಡ್ಡಿನಲ್ಲಿ ಅತ್ಯಂತ ಲಾಭದಾಯಕ ಉಪಕರಣ ಯಾವುದೆಂದು ಕೇಳಿದರೆ ನೆಲದಡಿ ಹೂತುಹೋದ, ಯಾರ ಕಣ್ಣಿಗೂ ಬೀಳದ ಈ ವೈರನ್ನೇ ತೋರಿಸಬೇಕಾಗುತ್ತದೆ.

ಊರಿನ ಲೈನಿನಲ್ಲೇ ವೋಲ್ಟೇಜು ಇಲ್ಲದಿದ್ದರೆ ದಪ್ಪ ವೈರೂ ಏನೂ ಮಾಡಲಾರದು. ಅಡಿಕೆ ಕೊಯ್ಲಿನ ದಿನಗಳಲ್ಲಿ ಸಂಜೆಯಾಗುತ್ತಲೇ ಸುತ್ತಲಿನ ಮನೆಗಳಲ್ಲಿ ಅಡಿಕೆ ಸುಲಿಯುವ ಯಂತ್ರಗಳು ಒಟ್ಟಿಗೆ ಶುರುವಾಗುತ್ತವೆ, ಟ್ರಾನ್ಸ್‌ಫಾರ್ಮರಿನ ಕೊನೆಯ ಕಂಬದ ಮನೆಗಳಲ್ಲಿ ಬಲ್ಬು ಕೆಂಪಗಾಗುತ್ತದೆ. ಮೋಟರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ 230 ವೋಲ್ಟು 180ಕ್ಕೆ ಇಳಿದರೆ ಉಳಿಯುವ ಬಲ ಶೇ 78 ಅಲ್ಲ, ಶೇ 61 ಮಾತ್ರ; ಅಂಥ ಹೊತ್ತಿನಲ್ಲಿ ಹಲಸಿನ ದಪ್ಪ ಹಲಗೆಯನ್ನು ಗರಗಸಕ್ಕೆ ಒತ್ತಿದರೆ ಅಲಗು ಸಿಕ್ಕಿಕೊಳ್ಳುತ್ತದೆ, ಮೋಟರು ಗುಂಯ್‌ಗುಡುತ್ತ ಬಿಸಿಯೇರುತ್ತದೆ. 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ಇರುವ ಸೀಮೆಯಲ್ಲೇ ಒಂದೂವರೆ ಎಚ್‌ಪಿಗೆ ಕಾಯಬೇಕಾದ ವಿಪರ್ಯಾಸವನ್ನು ಅಲ್ಲಿನವರು ಈಗ ದೂರುವುದೂ ಇಲ್ಲ; ಗರಗಸದ ಕೆಲಸವನ್ನು ಬೆಳಗಿನ ಹೊತ್ತಿಗೆ, ಉಳಿ ಮತ್ತು ಹತ್ತರಿಯ ಕೆಲಸವನ್ನು ಸಂಜೆಗೆ ಹಂಚಿಕೊಂಡಿದ್ದಾರೆ. ಮನೆಗಳಲ್ಲಿರುವ ಇನ್ವರ್ಟರು ಇಲ್ಲಿ ನೆರವಿಗೆ ಬಾರದು. 900 ವಿಎ ಸಾಮರ್ಥ್ಯದ ಇನ್ವರ್ಟರು ಗರಗಸ ಏಳುವ ಹೊಡೆತವನ್ನೇ ತಾಳಲಾರದು. ಅದಕ್ಕೆ ಶೆಡ್ಡಿನ ದೀಪಗಳನ್ನು ಮಾತ್ರ ಒಪ್ಪಿಸಿರುವುದು ವಿವೇಕದ ಏರ್ಪಾಡು, ಏಕೆಂದರೆ ಎಂಸಿಬಿ ಬಿದ್ದಾಗಲೂ ಬೆಳಕು ಉಳಿಯುತ್ತದೆ, ಇನ್ನೂ ತಿರುಗುತ್ತಲೇ ಇರುವ ಅಲಗು ಕತ್ತಲಲ್ಲಿ ಮರೆಯಾಗುವುದಿಲ್ಲ.

ಇನ್ನು ಧೂಳಿನ ವಿಷಯ. ನೆಲದ ಮೇಲೆ ರಾಶಿ ಬೀಳುವ ಹೊಟ್ಟು ನೋಡಲು ಅಸಹ್ಯವಾದರೂ ಬಹುಮಟ್ಟಿಗೆ ನಿರುಪದ್ರವಿ; ಶತ್ರು ಇರುವುದು ಕಣ್ಣಿಗೆ ಕಾಣದ ಪುಡಿಯಲ್ಲಿ. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ನೀರಿನಷ್ಟು ಸಾಂದ್ರತೆಯ 100 ಮೈಕ್ರಾನಿನ ಕಣ ನಿಶ್ಚಲ ಗಾಳಿಯಲ್ಲಿ ಎರಡು ಮೀಟರ್ ಎತ್ತರದಿಂದ ಕೆಲವೇ ಸೆಕೆಂಡುಗಳಲ್ಲಿ ನೆಲಕ್ಕೆ ಬಂದರೆ, 10 ಮೈಕ್ರಾನಿನದು ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು, ಒಂದು ಮೈಕ್ರಾನಿನದು ಅರ್ಧ ದಿನಕ್ಕೂ ಹೆಚ್ಚು ಹೊತ್ತು ತೇಲುತ್ತದೆ, ಶ್ವಾಸಕೋಶದ ಆಳಕ್ಕೆ ಇಳಿಯುವುದೂ ಇಂಥವೇ. ಇಂಗ್ಲೆಂಡಿನ ಹೈ ವಿಕಂಬ್ ಸುತ್ತಲಿನ ಕುರ್ಚಿ ಮೇಜು ತಯಾರಿಸುವ ಕಾರ್ಮಿಕರಲ್ಲಿ ಮೂಗಿನ ಒಳಭಾಗದ ಅಪರೂಪದ ಕ್ಯಾನ್ಸರ್ ಅಸಹಜವಾಗಿ ಹೆಚ್ಚಿರುವುದನ್ನು ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್ ಮತ್ತು ಅವರ ಸಹೋದ್ಯೋಗಿಗಳು 1960ರ ದಶಕದಲ್ಲಿ ದಾಖಲಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿ ಪ್ರಕಟಿಸಿದ ವರದಿ ಮರದ ಧೂಳನ್ನು ಮನುಷ್ಯರಲ್ಲಿ ಖಚಿತವಾಗಿ ಕ್ಯಾನ್ಸರ್ ಉಂಟುಮಾಡುವ ಮೊದಲ ವರ್ಗಕ್ಕೆ ಸೇರಿಸಿತು. ದಿನವಿಡೀ ಧೂಳಿನಲ್ಲಿ ದುಡಿದವರ ಅಪಾಯವನ್ನು ವಾರಾಂತ್ಯದ ಹವ್ಯಾಸಿಗೆ ಹಾಗೆಯೇ ಅನ್ವಯಿಸುವುದು ಅತಿರೇಕವಾದೀತು. ಆದರೆ ಮಲೆನಾಡಿನವರ ಅಚ್ಚುಮೆಚ್ಚಿನ ಬೀಟೆ ಮತ್ತು ತೇಗ ಎರಡರ ಧೂಳೂ ಕೆಲವರಲ್ಲಿ ಚರ್ಮದ ತುರಿಕೆ, ಸೀನು, ಉಬ್ಬಸಗಳನ್ನು ಹುಟ್ಟಿಸುತ್ತದೆ, ಮತ್ತು ಅದಕ್ಕೆ ವರ್ಷಗಟ್ಟಲೆ ಕಾಯಬೇಕಾಗಿಲ್ಲ.

ಧೂಳನ್ನು ಎಳೆಯುವ ಬಾಯಿಯನ್ನು ಎಲ್ಲಿಡಬೇಕೆಂಬ ಪ್ರಶ್ನೆಯೇ ಇಡೀ ವಿದ್ಯೆಯ ತಿರುಳು. ಊದುವ ಗಾಳಿ ದೂರದವರೆಗೆ ಹೋಗುತ್ತದೆ, ಎಳೆಯುವ ಗಾಳಿ ಹಾಗಲ್ಲ. ಅದು ಎಲ್ಲ ದಿಕ್ಕುಗಳಿಂದಲೂ ಸಮನಾಗಿ ನುಗ್ಗುವುದರಿಂದ ಕೊಳವೆಯ ವ್ಯಾಸದಷ್ಟು ದೂರ ಸರಿದರೆ ಸಾಕು, ಅದರ ವೇಗ ಬಾಯಲ್ಲಿದ್ದುದರ ಹತ್ತನೆಯ ಒಂದು ಪಾಲಿನ ಆಸುಪಾಸಿಗೆ ಕುಸಿಯುತ್ತದೆ. ಅಂದರೆ 100 ಮಿಲಿಮೀಟರಿನ ಕೊಳವೆಯನ್ನು ಅಲಗಿನಿಂದ ಒಂದು ಗೇಣು ದೂರ ನಿಲ್ಲಿಸಿದರೆ ಎಂಥ ಬ್ಲೋವರೂ ವ್ಯರ್ಥ. ಆ ನಷ್ಟವನ್ನು ಗಾಳಿಯ ಪ್ರಮಾಣ ಹೆಚ್ಚಿಸಿ ತುಂಬಿಕೊಳ್ಳಲು ಹೊರಟರೆ ಮತ್ತೊಂದು ನಿಯಮ ಅಡ್ಡಬರುತ್ತದೆ: ಅದೇ ಕೊಳವೆಯಲ್ಲಿ ಗಾಳಿಯನ್ನು ಇಮ್ಮಡಿಗೊಳಿಸಲು ಎಂಟು ಪಟ್ಟು ಶಕ್ತಿ ಬೇಕು. ಸಾಗರದ ಶೆಡ್ಡಿನಲ್ಲಿ ಟೇಬಲ್ ಗರಗಸದ ಕೆಳಭಾಗವನ್ನು ಪ್ಲೈವುಡ್ಡಿನಿಂದ ಸುತ್ತ ಮುಚ್ಚಿ, ಅಲಗಿನ ನೇರ ಕೆಳಗೆ ಇಳಿಜಾರು ತಟ್ಟೆಯೊಂದನ್ನು ಕೂರಿಸಿ ಅದರ ಬುಡಕ್ಕೆ ಕೊಳವೆಯನ್ನೂ, ಅಲಗಿನ ಮೇಲಿನ ರಕ್ಷಾಕವಚಕ್ಕೆ ವ್ಯಾಕ್ಯೂಮಿನ ಸಣ್ಣ ಹೋಸನ್ನೂ ಜೋಡಿಸಿರುವುದು ಇದೇ ಕಾರಣಕ್ಕೆ.

ಇಲ್ಲಿ ಒಂದು ವಿಚಿತ್ರವನ್ನು ವಿವರವಾಗಿ ಹೇಳಲೇಬೇಕು. ವ್ಯಾಕ್ಯೂಮ್ ಕ್ಲೀನರಿನ ಬಾಯಿಯನ್ನು ಅಂಗೈಯಿಂದ ಮುಚ್ಚಿದಾಗ ಅದರ ಸದ್ದು ಕಿರಿಚುವಷ್ಟು ಏರುತ್ತದೆ. ಕೇಳಿದವರೆಲ್ಲ ಮೋಟರಿಗೆ ಹೊರೆ ಹೆಚ್ಚಾಯಿತು, ಕರೆಂಟು ಹೆಚ್ಚು ಎಳೆಯುತ್ತಿದೆ ಎಂದು ಸಹಜವಾಗಿ ಭಾವಿಸುತ್ತಾರೆ. ವೈರಿನ ಸುತ್ತ ಹಿಡಿದರೆ ಸಾಕಾಗುವ ಕ್ಲ್ಯಾಂಪ್ ಮೀಟರಿನಲ್ಲಿ ನೋಡಿದರೆ ಅಂಕಿ ಏರುವುದಿಲ್ಲ, ಇಳಿಯುತ್ತದೆ. ರೆಕ್ಕೆಗಳು ಮಾಡುವ ಕೆಲಸವೆಂದರೆ ಗಾಳಿಯನ್ನು ಹಿಡಿದು ಹೊರಕ್ಕೆ ಎಸೆಯುವುದು. ಗಾಳಿಯೇ ಒಳಬಾರದಿದ್ದಾಗ ಎಸೆಯಲು ಏನೂ ಇಲ್ಲದೆ ರೆಕ್ಕೆ ಹಗುರಾಗಿ ಇನ್ನಷ್ಟು ವೇಗವಾಗಿ ತಿರುಗುತ್ತದೆ, ಆ ವೇಗವೇ ಕಿರಿಚಾಟವಾಗಿ ಕೇಳಿಸುತ್ತದೆ. ಹಾಗೆಂದು ಮುಚ್ಚಿಯೇ ಓಡಿಸುವಂತಿಲ್ಲ, ಏಕೆಂದರೆ ಬಹಳಷ್ಟು ವ್ಯಾಕ್ಯೂಮುಗಳ ಮೋಟರು ತಂಪಾಗುವುದು ಅದರ ಮೂಲಕ ಹಾಯುವ ಗಾಳಿಯಿಂದಲೇ. ನೇರ ರೆಕ್ಕೆಯ ಬ್ಲೋವರಿಗೂ ಇದೇ ಗುಣ. ಕೊಳವೆಯನ್ನೇ ಜೋಡಿಸದೆ ಬಯಲಿಗೆ ಬಿಟ್ಟು ಓಡಿಸಿದಾಗ ಅದು ಎಳೆಯುವ ಕರೆಂಟು ಅತ್ಯಧಿಕ, ಬಾಯಿ ಮುಚ್ಚಿದಾಗ ಅತ್ಯಲ್ಪ. ಈ ಶೆಡ್ಡಿನವರು ಪ್ರತಿ ಯಂತ್ರದ ಕೊಳವೆಗೂ ಅಡ್ಡಲಾಗಿ ಒಂದು ಜಾರುಹಲಗೆ ಇಟ್ಟಿದ್ದಾರೆ. ಎಲ್ಲವನ್ನೂ ಮುಚ್ಚಿ ಬ್ಲೋವರನ್ನು ಹಾಕುತ್ತಾರೆ, ಅದು ಪೂರ್ಣ ವೇಗಕ್ಕೆ ಬಂದ ಮೇಲೆ ಬೇಕಾದ ಒಂದನ್ನು ಮಾತ್ರ ತೆರೆಯುತ್ತಾರೆ. ಮೋಟರು ಏಳುವ ಮೊದಲ ಹೊಡೆತ ಹಾಗೆಯೇ ಇದ್ದರೂ ಅದು ಎಳೆದಾಡುವ ಅವಧಿ ಕಿರಿದಾಗುತ್ತದೆ, ವೋಲ್ಟೇಜು ಕಡಿಮೆ ಇರುವ ದಿನ ಬ್ಲೋವರು ಏಳುವುದೂ ಏಳದಿರುವುದೂ ಈ ಹಲಗೆಯ ಮೇಲೆ ನಿಂತಿರುತ್ತದೆ. ಕಾಸು ಖರ್ಚಿಲ್ಲದ ಈ ಉಪಾಯಕ್ಕೆ ಮಾರಾಟದ ಕ್ಯಾಟಲಾಗುಗಳಲ್ಲಿ ಒಂದು ಸಾಲಿನ ಜಾಗವೂ ಸಿಗುವುದಿಲ್ಲವೆಂಬುದು ಆಶ್ಚರ್ಯವೇನಲ್ಲ.

ಬ್ಲೋವರು ಎದ್ದ ಮೇಲೆ ಗರಗಸ, ಗರಗಸ ವೇಗ ಹಿಡಿದ ಮೇಲೆ ವ್ಯಾಕ್ಯೂಮ್ ಎಂಬ ಸರದಿಯನ್ನು ಕೈಯಿಂದಲೇ ಪಾಲಿಸಬಹುದು. ಇಲ್ಲಿ ಮಾತ್ರ ಟೈಮರ್ ರಿಲೇ ಒಂದು ಆ ಕೆಲಸ ಮಾಡುತ್ತದೆ. ಗರಗಸ ಶುರುವಾದ ಕೆಲವು ಸೆಕೆಂಡುಗಳ ನಂತರ ವ್ಯಾಕ್ಯೂಮನ್ನು ಎಬ್ಬಿಸಿ, ಗರಗಸ ನಿಂತ ಮೇಲೂ ಸ್ವಲ್ಪ ಹೊತ್ತು ಅದನ್ನು ಓಡಿಸಿ ಹೋಸಿನಲ್ಲಿ ಉಳಿದ ಹೊಟ್ಟನ್ನು ಎಳೆಯಿಸುತ್ತದೆ.

ವ್ಯಾಕ್ಯೂಮಿನ ಮುಂದೆ ನಿಂತಿರುವ ಬಣ್ಣದ ಬಕೆಟ್ಟು ಶೆಡ್ಡಿಗೆ ಬಂದವರ ಕಣ್ಣನ್ನು ಮೊದಲು ಸೆಳೆಯುತ್ತದೆ. 20 ಲೀಟರಿನ ಪೇಂಟ್ ಬಕೆಟ್ಟಿನ ಮುಚ್ಚಳದ ಮೇಲೆ ಕೂರಿಸಿದ ಪ್ಲಾಸ್ಟಿಕ್ ಶಂಕುವಿನೊಳಕ್ಕೆ ಧೂಳುಗಾಳಿ ಬದಿಯಿಂದ ನುಗ್ಗಿ ಸುತ್ತುತ್ತದೆ, ತೂಕದ ಕಣಗಳು ಗೋಡೆಗೆ ಒತ್ತಿಕೊಂಡು ಕೆಳಗೆ ಜಾರಿ ಬಕೆಟ್ಟಿಗೆ ಬೀಳುತ್ತವೆ, ಹಗುರಾದ ಗಾಳಿ ನಡುವಿನಿಂದ ಮೇಲೇರಿ ಹೊರಟುಹೋಗುತ್ತದೆ. ಸೈಕ್ಲೋನ್ ಎಂಬ ಈ ಸಾಧನಕ್ಕೆ ಅಮೆರಿಕದಲ್ಲಿ 1885ರಷ್ಟು ಹಿಂದೆಯೇ ಜಾನ್ ಫಿಂಚ್ ಎಂಬಾತ ಪೇಟೆಂಟ್ ಪಡೆದಿದ್ದ. ಮರದ ಮಿಲ್ಲೊಂದರ ಸೈಕ್ಲೋನ್ ನೋಡಿ ಪ್ರೇರಿತರಾದ ಜೇಮ್ಸ್ ಡೈಸನ್ 5127 ಮಾದರಿಗಳನ್ನು ಮಾಡಿ ಅದನ್ನು ಮನೆಯ ಕಸದ ಯಂತ್ರಕ್ಕೆ ಇಳಿಸಿದ ಕಥೆ ಈಗ ಎಲ್ಲರಿಗೂ ಗೊತ್ತು. ಬಕೆಟ್ಟಿನ ಸೈಕ್ಲೋನಿಗೆ ಅಷ್ಟು ಮಾದರಿಗಳು ಬೇಕಾಗಲಿಲ್ಲವಾದರೂ ಒಂದು ಪಾಠ ಬೇಕಾಯಿತು. ಹೋಸಿನ ಬಾಯಿ ಹಲಗೆಗೆ ಅಂಟಿಕೊಂಡ ಕ್ಷಣ ಒಳಗಿನ ನಿರ್ವಾತ ಹೆಚ್ಚಿ ಬಕೆಟ್ಟು ಸೊಟ್ಟಗೆ ಚಪ್ಪಟೆಯಾಯಿತು. ಇಂಥ ವ್ಯಾಕ್ಯೂಮು ಬಾಯಿ ಮುಚ್ಚಿದಾಗ 20 ಕಿಲೋಪಾಸ್ಕಲಿನಷ್ಟು ಒತ್ತಡದ ವ್ಯತ್ಯಾಸ ಉಂಟುಮಾಡಬಲ್ಲದು, 30 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಅದು ಸುಮಾರು 140 ಕಿಲೋ ಭಾರ ಹೇರಿದ್ದಕ್ಕೆ ಸಮ. ಒಂದು ಬಕೆಟ್ಟಿನೊಳಗೆ ಇನ್ನೊಂದನ್ನು ಇಳಿಸಿ ಗೋಡೆಯನ್ನು ಇಮ್ಮಡಿಗೊಳಿಸಿದ ಮೇಲೆ ಆ ತೊಂದರೆ ಮರುಕಳಿಸಲಿಲ್ಲ.

ಸೈಕ್ಲೋನು ಹೊಟ್ಟನ್ನು ಹಿಡಿದಷ್ಟು ಚೆನ್ನಾಗಿ ಅತಿ ಸಣ್ಣ ಪುಡಿಯನ್ನು ಹಿಡಿಯಲಾರದು, ಅದರ ಬಗ್ಗೆ ಹೇಳುವ ಹೊಗಳಿಕೆಗಳಲ್ಲಿ ಅರ್ಧವನ್ನು ಕಳೆದು ಓದುವುದು ಒಳ್ಳೆಯದು. ಅದರ ನಿಜವಾದ ಉಪಕಾರವೆಂದರೆ ಹಿಂದಿರುವ ಫಿಲ್ಟರು ಬೇಗ ಕಟ್ಟಿಕೊಳ್ಳದಂತೆ ಕಾಪಾಡುವುದು. ಉಳಿದ ಪುಡಿಗೆ ಅತ್ಯಂತ ಅಗ್ಗದ ಫಿಲ್ಟರೆಂದರೆ ಬಯಲು. ಬೇಸಿಗೆಯಲ್ಲಿ ಬ್ಲೋವರಿನ ಗಾಳಿಯನ್ನು ತೋಟದ ಕಡೆಗೇ ಬಿಡಬಹುದು, ಹೋದಷ್ಟೇ ಗಾಳಿ ಒಳಬರಲು ಎದುರು ಬಾಗಿಲು ತೆರೆದಿರಬೇಕಷ್ಟೆ. ಮಳೆಗಾಲದಲ್ಲಿ ಹಾಗೆ ಮಾಡಿದರೆ ತೇವ ಒಳಸೇರಿ ಹಲಗೆಗಳು ಉಬ್ಬುತ್ತವೆ, ಆದ್ದರಿಂದ ಆಗ ಫಿಲ್ಟರಿನ ಚೀಲಕ್ಕೆ ಮರಳಬೇಕು, ಮತ್ತು ಮೂಗಿಗೆ ಎನ್95 ಮಾಸ್ಕ್ ಬೇಕೇ ಬೇಕು. ಬಟ್ಟೆ ಕಟ್ಟಿಕೊಂಡರೆ ಸಾಕೆಂಬ ನಂಬಿಕೆ ಹೊಟ್ಟಿನ ಮಟ್ಟಿಗೆ ಸರಿ, ಪುಡಿಯ ಮಟ್ಟಿಗೆ ಸುಳ್ಳು.

ಇಷ್ಟೆಲ್ಲ ಏರ್ಪಾಡಿನ ನಡುವೆಯೂ ಧೂಳನ್ನೂ ಕರೆಂಟನ್ನೂ ಏಕಕಾಲಕ್ಕೆ ಉಳಿಸುವ ಉಪಕರಣ ಅದೇ ಶೆಡ್ಡಿನ ಗೋಡೆಗೆ ನೇತುಬಿದ್ದಿದೆ. ಹರಿತವಾದ ಹತ್ತರಿ ಮರವನ್ನು ಸುರುಳಿಯಾಗಿ ಕೀಸುತ್ತದೆ, ಸ್ಯಾಂಡರು ಅದನ್ನು ಪುಡಿಯಾಗಿಸುತ್ತದೆ; ಸಾಗರ ಮತ್ತು ಸೊರಬದ ಗುಡಿಗಾರರು ಶ್ರೀಗಂಧವನ್ನು ಉಳಿಯಿಂದ ಕೆತ್ತುವಾಗ ನೆಲಕ್ಕೆ ಬೀಳುವುದೂ ಹೆಚ್ಚಾಗಿ ಚಕ್ಕೆಯೇ. ಹಲಗೆಯನ್ನು ಹತ್ತರಿಯಿಂದಲೇ ನುಣುಪುಗೊಳಿಸಿ ಕೊನೆಯ ಒಂದೆರಡು ಸುತ್ತನ್ನು ಮಾತ್ರ ಸ್ಯಾಂಡ್ ಪೇಪರಿಗೆ ಬಿಟ್ಟರೆ ಸ್ಯಾಂಡರಿನ ಕೆಲಸ ಬಹುಪಾಲು ಇಲ್ಲವಾಗುತ್ತದೆ. ಮೋಟರನ್ನು ಮೆಚ್ಚುವವರು ಈ ಮಾತನ್ನು ಹಳೆಯ ಕಾಲದ ಹಂಬಲವೆಂದು ತಳ್ಳಿಹಾಕುವುದುಂಟು, ಆದರೆ ವೋಲ್ಟೇಜು 180ಕ್ಕೆ ಇಳಿದ ಸಂಜೆ ಅದು ಹಂಬಲವಾಗಿ ಉಳಿಯದೆ ಏಕೈಕ ದಾರಿಯಾಗಿರುತ್ತದೆ.

ಬಕೆಟ್ಟಿನಲ್ಲಿ ಸೇರಿದ ಹೊಟ್ಟು ಬಚ್ಚಲಿನ ಹೊಟ್ಟಿನ ಒಲೆಗೆ ಹೋಗುತ್ತದೆ. ಡಬ್ಬದ ನಡುವೆ ಕೋಲು ನಿಲ್ಲಿಸಿ ಸುತ್ತ ಹೊಟ್ಟನ್ನು ಗಟ್ಟಿಯಾಗಿ ಕುಟ್ಟಿ, ಕೋಲು ಎಳೆದು ಉಳಿದ ತೂತಿನಲ್ಲಿ ಬೆಂಕಿ ಹಚ್ಚುವ ಈ ಒಲೆ ಹಂಡೆಯ ನೀರನ್ನು ಸಾವಕಾಶವಾಗಿ ಕಾಯಿಸುತ್ತದೆ. ಪ್ಲೈವುಡ್ ಮತ್ತು ಎಂಡಿಎಫ್ ಕೊಯ್ದ ದಿನದ ಪುಡಿಯಲ್ಲಿ ಅಂಟಿನ ರಾಸಾಯನಿಕಗಳಿರುವುದರಿಂದ ಅದನ್ನು ಬೇರೆ ಚೀಲದಲ್ಲಿ ತುಂಬಿ ಒಲೆಯಿಂದಲೂ ಗೊಬ್ಬರದ ಗುಂಡಿಯಿಂದಲೂ ದೂರವಿಡಲಾಗುತ್ತದೆ.